ಜರ್ಮನಿಯ ಕೆಂಪು ವೈನ್ ನಮ್ಮ ಕೋಳಿ ಸಾರಿಗೆ ಹೊಂದುತ್ತದೆಯೇ?

ಓದುಗರ ಪ್ರಶ್ನೆ

ನಮಸ್ಕಾರ. ನಾವು ಹಾಸನದ ಕಡೆಯವರು, ಈಗ ಕೆಲಸದ ಮೇಲೆ ಸ್ಟುಟ್‌ಗಾರ್ಟ್‌ನಲ್ಲಿದ್ದೇವೆ. ಇನ್ನೆರಡು ವಾರದಲ್ಲಿ ನನ್ನ ಮ್ಯಾನೇಜರ್ ಮತ್ತು ಅವರ ಪತ್ನಿ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದಾರೆ. ಇಬ್ಬರೂ ಇಲ್ಲಿನವರೇ, ವೈನ್ ಬಗ್ಗೆ ಚೆನ್ನಾಗಿ ತಿಳಿದವರು. ನನಗೆ ಅಷ್ಟು ಗೊತ್ತಿಲ್ಲ. ಹಿಂದೊಮ್ಮೆ ಸ್ನೇಹಿತರು ಬಂದಾಗ ಸೂಪರ್‌ಮಾರ್ಕೆಟ್‌ನಿಂದ 4 ಯೂರೋದ ಡಾರ್ನ್‌ಫೆಲ್ಡರ್ ಅನ್ನುವ ಕೆಂಪು ವೈನ್ ತಂದಿದ್ದೆ. ಬಣ್ಣ ಒಳ್ಳೆ ಕಡುಗೆಂಪು, ಕುಡಿದರೆ ಸಿಹಿ ಸಿಹಿ. ಒಬ್ಬರು ‘ಇದು ಅಜ್ಜಿಯರ ವೈನ್’ ಅಂತ ನಕ್ಕರು. ಆಮೇಲೆ ಒಂದು ರೆಸ್ಟೋರೆಂಟ್‌ನಲ್ಲಿ ಸ್ಪೇಟ್‌ಬುರ್ಗುಂಡರ್ ಅನ್ನುವ ಇನ್ನೊಂದು ಕೆಂಪು ವೈನ್ ತರಿಸಿದೆ. ಬೆಲೆ ಜಾಸ್ತಿ, ಬಣ್ಣ ಮಾತ್ರ ತೆಳು. ನೀರು ಬೆರೆಸಿದ್ದಾರೇನೋ ಅನ್ನಿಸಿತು. ಮತ್ತೊಂದು ಬಾಟಲಿ ಚಳಿಗಾಲ ಪೂರ್ತಿ ಬಾಲ್ಕನಿಯಲ್ಲಿತ್ತು. ಅದರ ತಳದಲ್ಲಿ ಗಾಜಿನ ಪುಡಿಯಂಥದ್ದು ಕಂಡು ಹೆದರಿ ಚೆಲ್ಲಿಬಿಟ್ಟೆ.

ಅಡುಗೆ ನಮ್ಮ ಊರಿನದ್ದೇ: ಬಿಸಿಬೇಳೆಬಾತ್, ಬದನೆಕಾಯಿ ಎಣ್ಣೆಗಾಯಿ, ಅಕ್ಕಿ ರೊಟ್ಟಿ, ಕೋಳಿ ಸಾರು, ಕೊನೆಗೆ ಶಾವಿಗೆ ಪಾಯಸ. ಜರ್ಮನ್ ಕೆಂಪು ವೈನ್‌ನಲ್ಲಿ ಇದಕ್ಕೆ ಹೊಂದುವಂಥದ್ದು ಇದೆಯಾ, ಅಥವಾ ಸುಮ್ನೆ ಒಂದು ಫ್ರೆಂಚ್ ಬಾಟಲಿ ತಂದುಬಿಡಲಾ? ನನ್ನ ಹೆಂಡತಿ ಸಸ್ಯಾಹಾರಿ. ವೈನ್‌ಗೆ ಮೀನಿನ ಅಂಶ ಹಾಕುತ್ತಾರೆ ಅಂತ ಎಲ್ಲೋ ಓದಿ ಗಾಬರಿಯಾಗಿದ್ದಾಳೆ. ನನಗೆ ಕೆಂಪು ವೈನ್ ಕುಡಿದರೆ ಕೆಲವೊಮ್ಮೆ ತಲೆನೋವು ಬರುತ್ತದೆ. ಲೇಬಲ್ ಮೇಲೆ ಬರೆದಿರುವ ಸಲ್ಫೈಟ್ ಇದಕ್ಕೆ ಕಾರಣವೇ?

ಉತ್ತರ

ಪ್ರಶ್ನೆಗಳು ಐದಾರು ಇದ್ದರೂ ನಿಮ್ಮನ್ನು ಕಾಡುತ್ತಿರುವುದು ಒಂದೇ. ತಿಳಿದವರ ಮುಂದೆ ನಗೆಪಾಟಲಾಗಬಾರದು, ಅಲ್ವಾ? ಸಹಜ. ಹಾಗಾಗಿ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನೀರು ಬೆರೆಸಿದ್ದಾರೆ ಅಂತ ನೀವು ಅನುಮಾನಪಟ್ಟದ್ದು ಈ ದೇಶ ತುಂಬ ಹೆಮ್ಮೆಪಡುವ ಕೆಂಪು ವೈನ್. ತಂದಿದ್ದಕ್ಕೆ ನೀವು ನಾಚಿಕೊಂಡ ಆ ಸಿಹಿ ಡಾರ್ನ್‌ಫೆಲ್ಡರ್, ಖಾರದ ಊಟದ ಜೊತೆ ಬಂದಿದ್ದರೆ ಯಾರೂ ನಗುತ್ತಿರಲಿಲ್ಲವೇನೋ. ಎರಡು ಕಡೆಯೂ ನೀವು ಬಣ್ಣ ನೋಡಿ ಲೆಕ್ಕ ಹಾಕಿದ್ದೀರಿ. ಅಂಗಡಿಗೆ ಬರುವ ನಮ್ಮವರಲ್ಲಿ ಹೆಚ್ಚಿನವರು ಮಾಡುವುದೂ ಅದನ್ನೇ. ಬಾಟಲಿ ಎತ್ತಿ ಬೆಳಕಿಗೆ ಹಿಡಿಯುತ್ತಾರೆ, ಕಪ್ಪಗಿದ್ದರೆ ಗಟ್ಟಿ ಮಾಲು ಅಂತ ತೀರ್ಮಾನಿಸುತ್ತಾರೆ.

ಬಣ್ಣ ಬರುವುದು ದ್ರಾಕ್ಷಿಯ ಸಿಪ್ಪೆಯಿಂದ. ತಿರುಳು ಹೆಚ್ಚುಕಮ್ಮಿ ಎಲ್ಲ ತಳಿಗಳಲ್ಲೂ ಬಿಳಿಯೇ. ಜಜ್ಜಿದ ಹಣ್ಣನ್ನು ಸಿಪ್ಪೆ ಸಮೇತ ಹುದುಗಲು ಬಿಟ್ಟಾಗ, ಕಾಫಿಪುಡಿಯಿಂದ ಡಿಕಾಕ್ಷನ್ ಇಳಿಯುವ ಹಾಗೆ, ಸಿಪ್ಪೆಯ ಬಣ್ಣ ಮತ್ತು ಒಗರು ರಸಕ್ಕೆ ಇಳಿಯುತ್ತವೆ. ಸಿಪ್ಪೆಯಲ್ಲಿ ಬಣ್ಣ ಎಷ್ಟಿದೆ ಅನ್ನುವುದು ತಳಿಯ ಗುಣ. ಸ್ಪೇಟ್‌ಬುರ್ಗುಂಡರ್ ಅಂದರೆ ಫ್ರಾನ್ಸಿನವರು ಪಿನೋ ನ್ವಾರ್ ಅನ್ನುವ ಅದೇ ತಳಿ. ಅದರ ಸಿಪ್ಪೆ ತೆಳ್ಳಗೆ, ಬಣ್ಣದ ಅಂಶವೂ ಕಡಿಮೆ. ಎಷ್ಟೇ ಕಷ್ಟಪಟ್ಟು ಮಾಡಿದರೂ ಗ್ಲಾಸಿನ ಆಚೆ ಹಿಡಿದ ಬೆರಳು ಕಾಣುತ್ತದೆ. ಈ ತಳಿಗೆ ಹೆಸರಾದ ಫ್ರಾನ್ಸಿನ ಬರ್ಗಂಡಿ ಪ್ರದೇಶದ ಸಾವಿರಾರು ಯೂರೋದ ಬಾಟಲಿಯ ಕಥೆಯೂ ಇಷ್ಟೇ.

ನಿಜ ಹೇಳಬೇಕೆಂದರೆ ನನಗೆ ಅನುಮಾನ ಬರುವುದು ಅಗ್ಗದ ಸ್ಪೇಟ್‌ಬುರ್ಗುಂಡರ್ ಕಡುಗಪ್ಪಾಗಿದ್ದಾಗ. ಲೇಬಲ್ ಮೇಲೆ ಒಂದೇ ತಳಿಯ ಹೆಸರು ಹಾಕಲು ಆ ತಳಿ ಕನಿಷ್ಠ ಶೇ 85 ಇದ್ದರೆ ಸಾಕು ಅನ್ನುತ್ತದೆ ಯುರೋಪಿನ ಕಾನೂನು. ಉಳಿದ ಶೇ 15ರಲ್ಲಿ ಬೇರೆ ಕಡುಬಣ್ಣದ ವೈನ್ ಸೇರಿಸಬಹುದು. ಅದು ಮೋಸವಲ್ಲ, ಕಾನೂನುಬದ್ಧವೇ. ಆದರೆ ಬಣ್ಣ ಕಂಡು ಮರುಳಾಗುವವರಿಗಾಗಿಯೇ ಹಾಗೆ ಮಾಡುವುದು.

ತೆಳು ವೈನ್‌ಗೆ ಇಷ್ಟು ಬೆಲೆ ಯಾಕೆ

ಜರ್ಮನಿ ಅಂದರೆ ಬಿಳಿ ವೈನ್, ಅದರಲ್ಲೂ ರೀಸ್ಲಿಂಗ್ ಅನ್ನುವುದು ಅರ್ಧ ನಿಜ. ಇಲ್ಲಿನ ದ್ರಾಕ್ಷಿ ತೋಟಗಳಲ್ಲಿ ಸುಮಾರು ಮೂರನೇ ಒಂದು ಭಾಗ ಕೆಂಪು ತಳಿಗಳೇ. ಸ್ಪೇಟ್‌ಬುರ್ಗುಂಡರ್ ಒಂದೇ 11,000 ಹೆಕ್ಟೇರಿಗಿಂತ ಹೆಚ್ಚು ಜಾಗದಲ್ಲಿದೆ. ಫ್ರಾನ್ಸ್ ಮತ್ತು ಅಮೆರಿಕ ಬಿಟ್ಟರೆ ಈ ತಳಿಯನ್ನು ಇಷ್ಟು ಬೆಳೆಯುವ ದೇಶ ಇನ್ನೊಂದಿಲ್ಲ.

ಬೆಳೆಗಾರನಿಗೆ ಇದು ತಲೆನೋವಿನ ತಳಿ. ವಸಂತದಲ್ಲಿ ಬೇಗ ಚಿಗುರುತ್ತದೆ, ಮಂಜು ಬಿದ್ದರೆ ಚಿಗುರು ಹೋಯಿತು. ಗೊಂಚಲು ಒತ್ತೊತ್ತಾಗಿರುತ್ತದೆ, ಮಳೆ ಬಂದರೆ ಒಳಗಿನಿಂದ ಕೊಳೆಯುತ್ತದೆ. ಇಳುವರಿ ಜಾಸ್ತಿ ತೆಗೆಯಲು ಹೋದರೆ ವೈನ್ ನೀರುನೀರಾಗುತ್ತದೆ. ಹಾಗಾಗಿ ಒಳ್ಳೆಯ ತೋಟದವರು ಬಳ್ಳಿಯ ಮೇಲೇ ಕಾಯಿ ಕಿತ್ತು ಚೆಲ್ಲುತ್ತಾರೆ. ಹೆಸರಾಂತ ತೋಟಗಳ ಒಂದು ಸಂಘವಿದೆ, ವಿಡಿಪಿ ಅಂತ, 1910ರಲ್ಲಿ ಶುರುವಾದದ್ದು. ಅವರ ಬಾಟಲಿಯ ಕತ್ತಿನ ಮೇಲೆ ಹದ್ದಿನ ಗುರುತು ಇರುತ್ತದೆ. ಅವರ ಅತ್ಯುತ್ತಮ ದರ್ಜೆಯಾದ ‘ಗ್ರೋಸಸ್ ಗೆವೆಕ್ಸ್’ ಬಾಟಲಿಗೆ ಹೆಕ್ಟೇರಿಗೆ 50 ಹೆಕ್ಟೋಲೀಟರಿಗಿಂತ (ಅಂದರೆ 5,000 ಲೀಟರಿಗಿಂತ) ಹೆಚ್ಚು ಇಳುವರಿ ತೆಗೆಯುವ ಹಾಗಿಲ್ಲ. ಸೂಪರ್‌ಮಾರ್ಕೆಟ್ ವೈನ್ ಬರುವ ತೋಟಗಳಲ್ಲಿ ಇದರ ಎರಡರಷ್ಟು ಬರುವುದುಂಟು. ಬೆಲೆಯ ದೊಡ್ಡ ಪಾಲು ಅಲ್ಲಿಗೆ ಹೋಗುತ್ತದೆ.

ಜಾಗದಿಂದ ಜಾಗಕ್ಕೆ ಇದರ ರುಚಿ ಬದಲಾಗುವುದೂ ಬಹಳ. ಫ್ರಾನ್ಸಿನ ಗಡಿಯುದ್ದಕ್ಕೂ ಇರುವ ಬಾಡೆನ್‌ನಲ್ಲಿ ದೇಶದ ಸ್ಪೇಟ್‌ಬುರ್ಗುಂಡರ್‌ನ ಅರ್ಧಕ್ಕೆ ಹತ್ತಿರದಷ್ಟು ಬೆಳೆಯುತ್ತದೆ. ಅಲ್ಲಿ ಕೈಜರ್‌ಶ್ಟೂಲ್ ಅನ್ನುವ ಹಳೆಯ ಜ್ವಾಲಾಮುಖಿ ಗುಡ್ಡವಿದೆ. ಜರ್ಮನಿಯಲ್ಲೇ ತುಂಬ ಬೆಚ್ಚಗಿನ ಜಾಗಗಳಲ್ಲಿ ಅದೂ ಒಂದು. ಅಲ್ಲಿನ ವೈನ್ ಸ್ವಲ್ಪ ಮೈತುಂಬಿದ್ದು, ಮಾಗಿದ ಚೆರ್ರಿಯ ವಾಸನೆ. ರೈನ್‌ಗೌ ಪ್ರದೇಶದ ಆಸ್‌ಮನ್ಸ್‌ಹೌಸನ್ ಊರಿನದ್ದು ಹೆಚ್ಚು ಬಿಗಿ, ಬೇಗ ಮನಸ್ಸು ಬಿಚ್ಚುವುದಿಲ್ಲ. ಫ್ರಾಂಕನ್ ಪ್ರದೇಶದ ಬ್ಯುರ್ಗ್‌ಶ್ಟಟ್ ಕಡೆ ಕೆಂಪು ಮರಳುಗಲ್ಲಿನ ನೆಲ. ಅಲ್ಲಿನದ್ದು ನನಗೆ ವೈಯಕ್ತಿಕವಾಗಿ ತುಂಬ ಇಷ್ಟ.

ಆರ್ ಕಣಿವೆಯ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. ಬಾನ್ ನಗರದ ದಕ್ಷಿಣಕ್ಕೆ ಆರ್ ಅನ್ನುವ ಚಿಕ್ಕ ನದಿ ರೈನ್ ಸೇರುತ್ತದೆ. ಇದು 50 ಡಿಗ್ರಿ ಅಕ್ಷಾಂಶಕ್ಕಿಂತಲೂ ಉತ್ತರದ ಜಾಗ, ಕೆಂಪು ದ್ರಾಕ್ಷಿ ಹಣ್ಣಾಗುವುದೇ ಕಷ್ಟ ಅನ್ನುವಂಥದ್ದು. ಆದರೆ ಕಡಿದಾದ ಕಣಿವೆ, ಕಪ್ಪು ಸ್ಲೇಟ್ ಕಲ್ಲು. ಹಗಲೆಲ್ಲ ಕಾದ ಕಲ್ಲು ರಾತ್ರಿ ಬಳ್ಳಿಗೆ ಬಿಸಿ ಕೊಡುತ್ತದೆ. ಬರೀ 560 ಹೆಕ್ಟೇರ್ ಆಸುಪಾಸಿನ ಪುಟ್ಟ ಪ್ರದೇಶ, ಐದರಲ್ಲಿ ನಾಲ್ಕು ಪಾಲು ಕೆಂಪು ತಳಿ. 2021ರ ಜುಲೈ 14ರ ರಾತ್ರಿ ಆ ಚಿಕ್ಕ ನದಿ ಉಕ್ಕಿ ಕಣಿವೆಯಲ್ಲಿ 130ಕ್ಕೂ ಹೆಚ್ಚು ಜನ ಸತ್ತರು. ನೆಲಮಾಳಿಗೆಗಳು ಕೆಸರಿನಲ್ಲಿ ಮುಳುಗಿದವು. ಉಳಿದ ಬಾಟಲಿಗಳನ್ನು ತೊಳೆಯದೆ, ಕೆಸರು ಮೆತ್ತಿದ ಹಾಗೇ ಮಾರಿ ಪರಿಹಾರಕ್ಕೆ ಹಣ ಕೂಡಿಸಿದರು. ನಿಮ್ಮ ಮ್ಯಾನೇಜರ್ ಮನೆಯಲ್ಲಿ ಒಣಗಿದ ಕೆಸರಿನ ಬಾಟಲಿ ಶೋಕೇಸಿನಲ್ಲಿ ಕಂಡರೆ ಆಶ್ಚರ್ಯಪಡಬೇಡಿ.

ನಿಮ್ಮ ಡಾರ್ನ್‌ಫೆಲ್ಡರ್ ಹುಟ್ಟಿದ್ದೇ ಬಣ್ಣಕ್ಕೆ

ಡಾರ್ನ್‌ಫೆಲ್ಡರ್ ಹಳೆಯ ತಳಿಯಲ್ಲ. 1955ರಲ್ಲಿ, ನಿಮ್ಮ ಊರಿನಿಂದ ಉತ್ತರಕ್ಕಿರುವ ವೈನ್ಸ್‌ಬರ್ಗ್ ಸಂಸ್ಥೆಯಲ್ಲಿ ಆಗಸ್ಟ್ ಹೆರೋಲ್ಡ್ ಅನ್ನುವ ತಳಿ ತಜ್ಞರು ಹೆಲ್ಫೆನ್‌ಶ್ಟೈನರ್ ಮತ್ತು ಹೆರೋಲ್ಡ್‌ರೇಬೆ ಎಂಬ ಎರಡು ತಳಿಗಳನ್ನು ಕೂಡಿಸಿ ಮಾಡಿದ್ದು. ಈ ತಂದೆತಾಯಿ ತಳಿಗಳೂ ಅವರದೇ ಸೃಷ್ಟಿ. 1868ರಲ್ಲಿ ಅಲ್ಲಿನ ದ್ರಾಕ್ಷಿ ಕೃಷಿ ಶಾಲೆ ಶುರುವಾಗಲು ದುಡಿದ ಡಾರ್ನ್‌ಫೆಲ್ಡ್ ಎಂಬ ಅಧಿಕಾರಿಯ ಹೆಸರನ್ನು ಇದಕ್ಕಿಟ್ಟರು. ಉದ್ದೇಶ ಸರಳ: ಜರ್ಮನಿಯ ತೆಳು ಕೆಂಪು ವೈನ್‌ಗಳಿಗೆ ಬೆರೆಸಿ ಬಣ್ಣ ಕೂಡಿಸುವುದು. ಆಮೇಲೆ ಬೆಳೆಗಾರರಿಗೆ ಇದನ್ನೇ ಬೇರೆಯಾಗಿ ಮಾರಬಹುದು ಅನ್ನಿಸಿತು. 1980ರ ಹೊತ್ತಿಗೆ ಬೆಳೆಯಲು ಅಧಿಕೃತ ಒಪ್ಪಿಗೆ ಸಿಕ್ಕಿತು. 1990ರ ದಶಕದಲ್ಲಿ ‘ಕೆಂಪು ವೈನ್ ಹೃದಯಕ್ಕೆ ಒಳ್ಳೇದು’ ಅನ್ನುವ ಗಾಳಿ ಬೀಸಿದ ಮೇಲೆ ಫಾಲ್ಟ್ಸ್ ಮತ್ತು ರೈನ್‌ಹೆಸ್ಸನ್ ಪ್ರದೇಶಗಳಲ್ಲಿ ಎಲ್ಲಿ ನೋಡಿದರೂ ಡಾರ್ನ್‌ಫೆಲ್ಡರ್. ಈಗಲೂ ಕೆಂಪು ತಳಿಗಳಲ್ಲಿ ಎರಡನೇ ಸ್ಥಾನ ಇದಕ್ಕೇ.

ಹೃದಯದ ಆ ಮಾತನ್ನು ಈಗ ಯಾರೂ ಹಾಗೆ ಹೇಳುವುದಿಲ್ಲ. ಎಷ್ಟು ಕಡಿಮೆ ಕುಡಿದರೂ ಅದು ಪೂರ್ತಿ ಸುರಕ್ಷಿತ ಅನ್ನಲಾಗದು ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಔಷಧಿ ಅಂದುಕೊಂಡು ಯಾರೂ ವೈನ್ ಶುರುಮಾಡಬೇಡಿ.

ನಿಮ್ಮ ಬಾಟಲಿ ಸಿಹಿಯಾಗಿದ್ದದ್ದು ತಳಿಯ ತಪ್ಪಲ್ಲ. ಹುದುಗುವಾಗ ದ್ರಾಕ್ಷಿಯ ಸಕ್ಕರೆ ಆಲ್ಕೋಹಾಲ್ ಆಗುತ್ತದೆ. ನಡುವೆ ನಿಲ್ಲಿಸಿದರೆ ಸಕ್ಕರೆ ಉಳಿಯುತ್ತದೆ. ಅಥವಾ ಕೊನೆಗೆ ಸ್ವಲ್ಪ ಸಿಹಿ ದ್ರಾಕ್ಷಿರಸ ಸೇರಿಸುತ್ತಾರೆ. ಇದೇ ಡಾರ್ನ್‌ಫೆಲ್ಡರ್ ಸಿಹಿಯಿಲ್ಲದ ರೂಪದಲ್ಲಿ, ಓಕ್ ಪೀಪಾಯಿಯಲ್ಲಿ ಇಟ್ಟು ಮಾಗಿಸಿದ್ದೂ ಸಿಗುತ್ತದೆ. ಅದು ಬೇರೆಯೇ ಪಾನೀಯ. ಅಗ್ಗದ್ದಕ್ಕೆ ಇನ್ನೊಂದು ಕಾರಣವಿದೆ. ದೊಡ್ಡ ಕಾರ್ಖಾನೆಗಳಲ್ಲಿ ಸಿಪ್ಪೆಯನ್ನು ದಿನಗಟ್ಟಲೆ ನೆನೆಯಲು ಬಿಡದೆ, ಜಜ್ಜಿದ ಹಣ್ಣನ್ನು ಬಿಸಿ ಮಾಡಿ ಬೇಗ ಬಣ್ಣ ಇಳಿಸುತ್ತಾರೆ. ಬಣ್ಣ ಪೂರಾ ಬರುತ್ತದೆ, ಒಗರು ಕಡಿಮೆ, ಜ್ಯಾಮಿನಂಥ ಹಣ್ಣಿನ ರುಚಿ ಮುಂದೆ ಬರುತ್ತದೆ. ಜೊತೆಗೆ ಜರ್ಮನಿಯಲ್ಲಿ ಬುರುಗು ಬರದ ಸಾಮಾನ್ಯ ವೈನ್ ಮೇಲೆ ಅಬಕಾರಿ ಸುಂಕವೇ ಇಲ್ಲ, ಮೌಲ್ಯವರ್ಧಿತ ತೆರಿಗೆ ಮಾತ್ರ. ಬೆಂಗಳೂರಿನ ಬೆಲೆಗೆ ಹೋಲಿಸಿ ‘4 ಯೂರೋ ಅಂದ್ರೆ ಕಲಬೆರಕೆ ಇರಬೇಕು’ ಅಂದುಕೊಳ್ಳಬೇಡಿ.

ಹಾಗಾದರೆ ಕೊಳ್ಳುವಾಗ ನೋಡಬೇಕಾದದ್ದೇನು? ತಳಿಯ ಹೆಸರಿನ ಪಕ್ಕದ ಇನ್ನೊಂದು ಪದ. ‘ಟ್ರೋಕನ್’ ಅಂದರೆ ಸಿಹಿಯಿಲ್ಲದ್ದು. ಲೀಟರಿಗೆ 4 ಗ್ರಾಂ ಸಕ್ಕರೆ, ಹುಳಿ ಸಾಕಷ್ಟಿದ್ದರೆ 9 ಗ್ರಾಂವರೆಗೆ ಇರಬಹುದು. ‘ಹಾಲ್ಬ್‌ಟ್ರೋಕನ್’ ನಡುವಿನದ್ದು, 12 ಗ್ರಾಂವರೆಗೆ, ಹುಳಿ ಜಾಸ್ತಿ ಇದ್ದರೆ 18. ‘ಲೀಬ್ಲಿಖ್’ ಅಂದರೆ 45 ಗ್ರಾಂವರೆಗೆ. ನೀವು ತಂದದ್ದು ಇದೇ ಇರಬೇಕು. ‘ಫೈನ್‌ಹೆರ್ಬ್’ ಅಂತಲೂ ಕಾಣಿಸುತ್ತದೆ. ಅದಕ್ಕೆ ಕಾನೂನಿನ ಅಳತೆಯಿಲ್ಲ, ಸಾಮಾನ್ಯವಾಗಿ ನಡುವಿನದ್ದಕ್ಕೆ ಹತ್ತಿರ. ಈ ಪದ ಹಾಕಲೇಬೇಕೆಂಬ ನಿಯಮ ಇಲ್ಲ, ಹಾಗಾಗಿ ಕೆಲವರು ಹಾಕುವುದಿಲ್ಲ. ಆಗ ಆಲ್ಕೋಹಾಲ್ ಪ್ರಮಾಣ ನೋಡಿ. ಕೆಂಪು ವೈನ್‌ನಲ್ಲಿ ಶೇ 9 ಅಥವಾ 10 ಇದ್ದರೆ ಬಹುಪಾಲು ಸಿಹಿ, 13ರ ಹತ್ತಿರ ಇದ್ದರೆ ಬಹುಪಾಲು ಸಿಹಿಯಿಲ್ಲದ್ದು. ಇನ್ನೂ ಸುಲಭದ ದಾರಿ ಇದೆ. 2023ರ ಡಿಸೆಂಬರ್ 8ರ ನಂತರ ತಯಾರಾದ ವೈನ್‌ಗೆ ಪದಾರ್ಥಗಳ ಪಟ್ಟಿ ಮತ್ತು ಪೌಷ್ಟಿಕಾಂಶದ ವಿವರ ಕಡ್ಡಾಯ. ಹೆಚ್ಚಿನವರು ಅದನ್ನು ಕ್ಯೂಆರ್ ಕೋಡ್‌ನಲ್ಲಿ ಕೊಡುತ್ತಾರೆ. ಅಂಗಡಿಯಲ್ಲೇ ಸ್ಕ್ಯಾನ್ ಮಾಡಿ ಸಕ್ಕರೆ ಎಷ್ಟು ಅಂತ ನೋಡಿಬಿಡಿ. ಲೆಕ್ಕ 100 ಮಿಲಿಲೀಟರಿಗೆ ಇರುತ್ತದೆ, ಹತ್ತರಿಂದ ಗುಣಿಸಿಕೊಳ್ಳಿ.

ಮನೆ ಬಾಗಿಲಲ್ಲೇ ಇರುವ ಎರಡು ತಳಿ

ನೀವು ಸ್ಟುಟ್‌ಗಾರ್ಟ್‌ನಲ್ಲಿದ್ದೂ ಟ್ರಾಲಿಂಗರ್ ಮತ್ತು ಲೆಂಬರ್ಗರ್ ಹೆಸರೆತ್ತಿಲ್ಲ. ಅದೇ ನನಗೆ ಬೇಸರ! ನಿಮ್ಮ ಊರಿನ ಒಳಗೇ ದ್ರಾಕ್ಷಿ ತೋಟಗಳಿವೆ. ಊಂಟರ್‌ಟ್ಯುರ್ಕ್‌ಹೈಮ್‌ನ ಮರ್ಸಿಡಿಸ್ ಕಾರ್ಖಾನೆಯ ಮೇಲಿನ ಗುಡ್ಡವೆಲ್ಲ ಬಳ್ಳಿಯೇ. ಈ ವುರ್ಟೆಂಬರ್ಗ್ ಪ್ರದೇಶದಲ್ಲಿ ಹಿಂದಿನಿಂದಲೂ ಬಿಳಿಗಿಂತ ಕೆಂಪು ತಳಿಗಳ ಪಾರುಪತ್ಯ. ಇಲ್ಲಿನ ಜನ ತಮ್ಮ ವೈನನ್ನು ಬಹುಪಾಲು ತಾವೇ ಕುಡಿದು ಮುಗಿಸುತ್ತಾರೆ ಅನ್ನುವ ಮಾತಿದೆ. ಹೊರಗಿನವರಿಗೆ ಈ ಹೆಸರುಗಳು ಗೊತ್ತಿಲ್ಲದಿರಲು ಅದೂ ಒಂದು ಕಾರಣ.

ಟ್ರಾಲಿಂಗರ್ ದಪ್ಪ ಹಣ್ಣಿನ, ತಡವಾಗಿ ಮಾಗುವ ತಳಿ. ಈಗ ಇಟಲಿಯಲ್ಲಿರುವ ದಕ್ಷಿಣ ಟಿರೋಲ್ ಕಡೆಯಿಂದ ಬಂದದ್ದು. ಬಣ್ಣ ಸ್ಪೇಟ್‌ಬುರ್ಗುಂಡರ್‌ಗಿಂತಲೂ ತೆಳು, ಒಗರು ಇಲ್ಲವೇ ಇಲ್ಲ ಅನ್ನಬಹುದು. ಹಿಡಿ ಇರುವ ಕಾಲು ಲೀಟರ್ ಗ್ಲಾಸಿನಲ್ಲಿ ದಿನನಿತ್ಯ ಕುಡಿಯುವ ವೈನ್. ವೈನ್ ಪಂಡಿತರು ಇದನ್ನು ಲೆಕ್ಕಕ್ಕಿಡುವುದಿಲ್ಲ. ನಾನು ಇಡುತ್ತೇನೆ, ಯಾಕೆ ಅಂತ ಕೆಳಗೆ ಹೇಳುತ್ತೇನೆ. ಲೆಂಬರ್ಗರ್ ಇದಕ್ಕೆ ವಿರುದ್ಧ. ಆಸ್ಟ್ರಿಯಾದವರು ಬ್ಲೌಫ್ರೆಂಕಿಶ್ ಅನ್ನುವ ತಳಿಯೇ ಇದು. ಕಡುಬಣ್ಣ, ಕಪ್ಪು ಚೆರ್ರಿ, ಕೊನೆಯಲ್ಲಿ ಕರಿಮೆಣಸಿನ ಘಮ, ಚುರುಕು ಹುಳಿ.

ಇವುಗಳ ರುಚಿ ಹಿಡಿಯಬೇಕಾದರೆ ‘ಬೇಸನ್’ಗೆ ಹೋಗಿ. ಬೆಳೆಗಾರರು ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ತಿಂಗಳು ತಮ್ಮ ಮನೆಯಲ್ಲೇ ನಡೆಸುವ ಪುಟ್ಟ ಊಟದಂಗಡಿ ಅದು. ಬಾಗಿಲಿಗೆ ಪೊರಕೆ ಕಟ್ಟಿದ್ದರೆ ತೆರೆದಿದೆ ಅಂತ ಅರ್ಥ. ಅಲ್ಲಿ ಟ್ರಾಲಿಂಗರ್ ಜೊತೆ ಮೌಲ್‌ಟಾಶನ್ ಕೊಡುತ್ತಾರೆ, ಮಾಂಸ ಪಾಲಕ್ ತುಂಬಿದ ದೊಡ್ಡ ಕಡುಬು. ಈರುಳ್ಳಿ ಹುರಿದು ಮೇಲೆ ಹಾಕಿದ ದನದ ಮಾಂಸಕ್ಕೆ ಲೆಂಬರ್ಗರ್. ಸ್ಪೇಟ್‌ಬುರ್ಗುಂಡರ್ ಕುಳಿತುಕೊಳ್ಳುವುದು ಜಿಂಕೆ ಮಾಂಸ, ನವೆಂಬರ್ 11ರ ಸೇಂಟ್ ಮಾರ್ಟಿನ್ ಹಬ್ಬದ ಹೆಬ್ಬಾತು, ಕಾಡಿನ ಅಣಬೆ ಇಂಥವುಗಳ ಪಕ್ಕ. ಮೊಟ್ಟೆ ತಿನ್ನುವುದಾದರೆ ನಿಮ್ಮ ಮನೆಯವರಿಗೆ ಹೊಂದುವಂಥದ್ದೂ ಇದೆ: ಅಣಬೆ ಸಾರಿನ ಜೊತೆ ಶ್ಪೆಟ್ಸ್‌ಲೆ, ಅಂದರೆ ಹಿಟ್ಟಿಗೆ ಮೊಟ್ಟೆ ಹಾಕಿ ಮಾಡುವ ಇಲ್ಲಿನ ನೂಡಲ್ಸ್. ಚೀಸ್ ಹಾಕಿದ ಶ್ಪೆಟ್ಸ್‌ಲೆಗೆ ಟ್ರಾಲಿಂಗರ್ ಚೆನ್ನಾಗಿ ಹೋಗುತ್ತದೆ. ಮಾಂಸದ ಸಾಸೇಜ್ ತೆಗೆಸಿ ಬರೀ ಬೇಳೆ ಮತ್ತು ಶ್ಪೆಟ್ಸ್‌ಲೆ ಕೇಳುವುದಾದರೆ ಒಂದು ಎಚ್ಚರಿಕೆ. ಬೇಳೆಯನ್ನು ಹಂದಿ ಕೊಬ್ಬಿನಲ್ಲಿ ಬೇಯಿಸುವ ರೂಢಿ ಇದೆ, ಮೊದಲೇ ಕೇಳಿಕೊಳ್ಳಿ.

ಈಗ ನಿಮ್ಮ ಊಟ

ನಮ್ಮ ಅಡುಗೆಗೆ ವೈನ್ ಹೊಂದುವುದಿಲ್ಲ ಅನ್ನುವವರು ಸಾಮಾನ್ಯವಾಗಿ ತಪ್ಪು ವೈನ್ ಕುಡಿದವರು. ಕಷ್ಟ ಕೊಡುವುದು ಮಸಾಲೆಯಲ್ಲ, ಮೆಣಸಿನಕಾಯಿ. ಖಾರದ ನಾಲಿಗೆಗೆ ಆಲ್ಕೋಹಾಲ್ ತಾಗಿದರೆ ಉರಿ ಹೆಚ್ಚುತ್ತದೆ. ಒಗರು ವೈನ್ ಇನ್ನೂ ಒರಟಾಗುತ್ತದೆ, ಓಕ್ ಪೀಪಾಯಿಯ ರುಚಿ ಕಹಿಯಾಗುತ್ತದೆ. ಸಿಹಿ ಮತ್ತು ತಂಪು ಖಾರವನ್ನು ತಣಿಸುತ್ತವೆ. ಆದ್ದರಿಂದ ಖಾರದ ಊಟಕ್ಕೆ ಕೆಂಪು ವೈನ್ ಆರಿಸುವುದಾದರೆ ಆಲ್ಕೋಹಾಲ್ ಕಡಿಮೆ, ಒಗರು ಕಡಿಮೆ, ಸ್ವಲ್ಪ ತಂಪು, ಬೇಕಿದ್ದರೆ ಒಂಚೂರು ಸಿಹಿ. ಜರ್ಮನಿಯ ಕೆಂಪು ವೈನ್‌ಗಳ ಸ್ವಭಾವವೇ ಹೆಚ್ಚುಕಡಿಮೆ ಇದು.

ನಿಮ್ಮ ಫ್ರೆಂಚ್ ಪ್ರಶ್ನೆಗೂ ಇಲ್ಲೇ ಉತ್ತರ ಸಿಕ್ಕಿತು. ಫ್ರೆಂಚ್ ಅಂದ ತಕ್ಷಣ ನಮ್ಮವರು ಕೈಹಾಕುವುದು ಬೋರ್ಡೋ ಬಾಟಲಿಗೆ. ಒಗರು, ಓಕ್, ಆಲ್ಕೋಹಾಲ್ ಮೂರೂ ಜಾಸ್ತಿ. ಕೋಳಿ ಸಾರಿನ ಜೊತೆ ಅದನ್ನು ಇಟ್ಟರೆ ಎರಡೂ ಕೆಡುತ್ತವೆ. ಅದೂ ಅಲ್ಲದೆ ಸ್ಟುಟ್‌ಗಾರ್ಟ್‌ನವರಿಗೆ ಅವರ ಊರಿನ ವೈನನ್ನೇ ಹುಡುಕಿ ತಂದು ಕೊಟ್ಟರೆ ಆಗುವ ಖುಷಿ ಬೇರೆ.

ಬಿಸಿಬೇಳೆಬಾತ್‌ನಿಂದ ಶುರುಮಾಡೋಣ. ಚಕ್ಕೆ, ಲವಂಗ, ಮರಾಠಿ ಮೊಗ್ಗು, ಕೊಬ್ಬರಿ, ತುಪ್ಪ ಇವೆಲ್ಲ ಕೆಂಪು ವೈನ್‌ಗೆ ಸ್ನೇಹಿತರೇ. ಗಮನಿಸಬೇಕಾದ್ದು ಹುಣಸೆ. ಊಟದ ಹುಳಿಗಿಂತ ವೈನ್‌ನ ಹುಳಿ ಕಡಿಮೆಯಿದ್ದರೆ ವೈನ್ ಸಪ್ಪೆ ಆಗುತ್ತದೆ. ಲೆಂಬರ್ಗರ್‌ಗೆ ಹುಳಿ ಸಾಕಷ್ಟಿದೆ, ಅದರ ಮೆಣಸಿನ ಘಮ ಮಸಾಲೆಗೆ ಸೇರಿಕೊಳ್ಳುತ್ತದೆ. ಆದರೆ ಓಕ್ ಪೀಪಾಯಿಯಲ್ಲಿ ಇಡದ, ಸರಳ ಲೆಂಬರ್ಗರ್ ಕೇಳಿ ತನ್ನಿ. ಲೇಬಲ್ ಮೇಲೆ ‘ಬಾರೀಕ್’ ಅಂತ ಇದ್ದರೆ ಹೊಸ ಓಕ್‌ನ ಚಿಕ್ಕ ಪೀಪಾಯಿಯದ್ದು, ಅದನ್ನು ಬಿಡಿ. ಬಾತ್‌ಗೆ ತುಪ್ಪ ಧಾರಾಳವಾಗಿ ಹಾಕಿ. ಕೊಬ್ಬು ಇದ್ದಷ್ಟೂ ಉಳಿದ ಒಗರೂ ಮೆತ್ತಗಾಗುತ್ತದೆ.

ಎಣ್ಣೆಗಾಯಿ ನಿಮ್ಮ ಪಟ್ಟಿಯಲ್ಲಿ ವೈನ್‌ಗೆ ತುಂಬ ಚೆನ್ನಾಗಿ ಒಗ್ಗುವ ಅಡುಗೆ. ಶೇಂಗಾ, ಎಳ್ಳು, ಮೆತ್ತಗೆ ಬೆಂದ ಬದನೆ. ಖಾರ ಒಂದು ಹಿಡಿತದಲ್ಲಿದ್ದರೆ ಇಲ್ಲಿ ಸ್ಪೇಟ್‌ಬುರ್ಗುಂಡರ್ ಚೆನ್ನಾಗಿ ಕೂರುತ್ತದೆ. 10ರಿಂದ 15 ಯೂರೋದ ಬಾಡೆನ್ ಬಾಟಲಿ ಸಾಕು. 40 ಯೂರೋದ ಗ್ರೋಸಸ್ ಗೆವೆಕ್ಸ್ ತರಬೇಡಿ. ಅದರ ನಯವೆಲ್ಲ ಮಸಾಲೆಯ ಕೆಳಗೆ ಮುಚ್ಚಿಹೋಗುತ್ತದೆ, ದುಡ್ಡು ದಂಡ.

ಕೋಳಿ ಸಾರಿಗೆ ನನ್ನ ಮೊದಲ ಆಯ್ಕೆ ಟ್ರಾಲಿಂಗರ್, ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಹೊರಗಿಟ್ಟದ್ದು. ಪಂಡಿತರು ಕೊರತೆ ಅನ್ನುವ ತೆಳುತನ ಇಲ್ಲಿ ಅನುಕೂಲ. ಒಗರಿಲ್ಲ, ಹಾಗಾಗಿ ಖಾರದ ಜೊತೆ ಜಗಳವಿಲ್ಲ. ಸಾರು ಹಾಸನದ ಪದ್ಧತಿಯಲ್ಲಿ ನಿಜವಾಗಿಯೂ ಖಾರ ಇರುತ್ತದೆ ಅಂತಾದರೆ ಹಾಲ್ಬ್‌ಟ್ರೋಕನ್ ಡಾರ್ನ್‌ಫೆಲ್ಡರ್ ಇಡಿ. ಅತಿಥಿಗಳು ಲೇಬಲ್ ನೋಡಿ ಹುಬ್ಬು ಏರಿಸಬಹುದು. ಏರಿಸಲಿ. ಒಂದು ತುತ್ತು ರೊಟ್ಟಿ ಸಾರಿನಲ್ಲಿ ಅದ್ದಿ ತಿಂದು, ಆಮೇಲೆ ಒಂದು ಗುಟುಕು ಕುಡಿಯಲು ಹೇಳಿ. ಒಂದು ಅಪಾಯ ಮಾತ್ರ ಇದೆ. ಊಟಕ್ಕೆ ಮುಂಚೆ, ಬರಿ ಬಾಯಲ್ಲಿ ಇದನ್ನು ಕೊಟ್ಟರೆ ಹಳೆಯ ನಗುವೇ ಮತ್ತೆ ಕೇಳಿಸುತ್ತದೆ. ಬಂದ ಕೂಡಲೇ ಕೊಡಲು ಟ್ರಾಲಿಂಗರ್ ಇಟ್ಟುಕೊಳ್ಳಿ.

ಪಾಯಸದ ಹೊತ್ತಿಗೆ ಕೆಂಪು ವೈನ್ ಮೇಜಿನಿಂದ ಎತ್ತಿಬಿಡಿ. ತಿನ್ನುವುದು ಕುಡಿಯುವುದಕ್ಕಿಂತ ಸಿಹಿಯಿದ್ದರೆ ವೈನ್ ಬರೀ ಹುಳಿ ಅನ್ನಿಸುತ್ತದೆ. ಫಿಲ್ಟರ್ ಕಾಫಿ ಕೊಡಿ, ಸಾಕು.

ಇನ್ನು ತಂಪಿನ ವಿಷಯ. ಕೆಂಪು ವೈನ್ ‘ರೂಮಿನ ಬಿಸಿ’ಯಲ್ಲಿ ಕೊಡಬೇಕು ಅನ್ನುವ ಮಾತು ಹೀಟರ್ ಇಲ್ಲದ ಕಾಲದ್ದು. ಆಗಿನ ಮನೆಗಳು 16, 17 ಡಿಗ್ರಿ ಇರುತ್ತಿದ್ದವು. ನಿಮ್ಮ ಹಾಲ್ 22 ಇರಬಹುದು. ಟ್ರಾಲಿಂಗರ್ 12ರಿಂದ 14 ಡಿಗ್ರಿ, ಸ್ಪೇಟ್‌ಬುರ್ಗುಂಡರ್ ಮತ್ತು ಡಾರ್ನ್‌ಫೆಲ್ಡರ್ 14ರಿಂದ 16, ಲೆಂಬರ್ಗರ್ 16ರ ಆಸುಪಾಸು. ಥರ್ಮಾಮೀಟರ್ ಬೇಡ, ಬಡಿಸುವ ಅರ್ಧ ಗಂಟೆ ಮುಂಚೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ.

ಗಾಜಿನ ಪುಡಿ, ಮೀನು, ತಲೆನೋವು

ನೀವು ಚೆಲ್ಲಿದ್ದು ಒಳ್ಳೆಯ ವೈನೇ ಇರಬೇಕು. ದ್ರಾಕ್ಷಿಯಲ್ಲಿ ಸಹಜವಾಗಿ ಟಾರ್ಟಾರಿಕ್ ಆಮ್ಲವಿದೆ. ಬಾಟಲಿ ತುಂಬ ತಣ್ಣಗಾದರೆ ಅದು ಪೊಟ್ಯಾಸಿಯಂ ಜೊತೆ ಸೇರಿ ಹರಳುಗಟ್ಟಿ ತಳದಲ್ಲಿ ಕೂರುತ್ತದೆ. ಜನವರಿಯ ಬಾಲ್ಕನಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಕೇಕ್ ಮಾಡುವವರು ಬಳಸುವ ಕ್ರೀಮ್ ಆಫ್ ಟಾರ್ಟರ್ ಇದೇ ವಸ್ತು. ಅನುಮಾನ ಬಂದರೆ ಹರಳನ್ನು ಬಿಸಿನೀರಿಗೆ ಹಾಕಿ ಕಲಕಿ. ಕರಗಿದರೆ ಟಾರ್ಟರ್. ಗಾಜು ಕರಗುವುದಿಲ್ಲ. ಕರಗದಿದ್ದರೆ ಖಂಡಿತ ಕುಡಿಯಬೇಡಿ.

ನಿಮ್ಮ ಮನೆಯವರ ಗಾಬರಿಗೆ ಆಧಾರವಿದೆ. ಹುದುಗಿದ ವೈನ್ ಮಬ್ಬಾಗಿರುತ್ತದೆ, ಒಗರೂ ಹೆಚ್ಚಿರಬಹುದು. ತಿಳಿ ಮಾಡಲು ಹಿಂದಿನಿಂದ ಮೊಟ್ಟೆಯ ಬಿಳಿ, ಹಾಲಿನ ಕೇಸಿನ್, ಪ್ರಾಣಿಗಳ ಜೆಲಾಟಿನ್, ಮೀನಿನ ಗಾಳಿಚೀಲದಿಂದ ಮಾಡಿದ ಪದಾರ್ಥ ಬಳಸುತ್ತಾ ಬಂದಿದ್ದಾರೆ. ಇವು ಕಸವನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತವೆ, ಆಮೇಲೆ ಸೋಸಿ ತೆಗೆಯುತ್ತಾರೆ. ಬಾಟಲಿಯಲ್ಲಿ ಉಳಿಯುವುದು ಇಲ್ಲ ಅನ್ನುವಷ್ಟು ಕಡಿಮೆ. ಆದರೂ ಬಳಸಿದ್ದೇ ಬೇಡ ಅನ್ನುವುದು ಅವರ ನಿಲುವಾದರೆ ಅದನ್ನು ಗೌರವಿಸಬೇಕು. ಮೊಟ್ಟೆ, ಹಾಲಿನ ಅಂಶ ಉಳಿದಿದ್ದರೆ ಲೇಬಲ್ ಮೇಲೆ ಹೇಳಲೇಬೇಕು. ಮೀನು ಮತ್ತು ಜೆಲಾಟಿನ್ ಬಳಸಿದ್ದನ್ನು ಹೇಳಬೇಕಿಲ್ಲ, ಪದಾರ್ಥಗಳ ಪಟ್ಟಿಯಲ್ಲೂ ಬರುವುದಿಲ್ಲ. ಹಾಗಾಗಿ ‘ವೀಗನ್’ ಅಂತ ಬರೆದದ್ದನ್ನೇ ಹುಡುಕಿ. ಅಂಥವರು ಬೆಂಟೊನೈಟ್ ಜೇಡಿಮಣ್ಣು ಅಥವಾ ಬಟಾಣಿ ಪ್ರೋಟೀನ್ ಬಳಸುತ್ತಾರೆ, ಇಲ್ಲವೇ ತಾನಾಗಿ ತಿಳಿಯಾಗಲು ಬಿಡುತ್ತಾರೆ. ‘ಬಿಯೋ’ ಗುರುತು ನಂಬಿ ತರಬೇಡಿ. ಸಾವಯವ ವೈನ್‌ಗೂ ಮೊಟ್ಟೆ ಬಳಸಬಹುದು. ಅವರು ಕುಡಿಯುವುದೇ ಇಲ್ಲ ಅನ್ನುವುದಾದರೆ ಕೆಂಪು ದ್ರಾಕ್ಷಿ ರಸವನ್ನು ವೈನ್ ಗ್ಲಾಸಿನಲ್ಲೇ ಕೊಡಿ, ಇಲ್ಲಿ ಯಾರೂ ಅದನ್ನು ವಿಚಿತ್ರವಾಗಿ ನೋಡುವುದಿಲ್ಲ.

ತಲೆನೋವಿಗೆ ಎಲ್ಲರೂ ವೈನ್ ಕೆಡದಿರಲಿ ಅಂತ ಹಾಕುವ ಸಲ್ಫೈಟ್ ಕಡೆ ಬೆರಳು ತೋರಿಸುತ್ತಾರೆ, ಲೇಬಲ್ ಮೇಲೆ ಕಾಣುವುದು ಅದೊಂದೇ ಅಲ್ವಾ. ಲೆಕ್ಕ ಮಾತ್ರ ಕೂಡುವುದಿಲ್ಲ. ಸಿಹಿಯಿಲ್ಲದ ಕೆಂಪು ವೈನ್‌ಗೆ ಯುರೋಪಿನಲ್ಲಿ ಲೀಟರಿಗೆ 150 ಮಿಲಿಗ್ರಾಂ ಮಿತಿ, ಬಿಳಿಗೆ 200. ಬಿಳಿ ಕುಡಿದಾಗ ನಿಮಗೆ ಏನೂ ಆಗುವುದಿಲ್ಲ ಅಂದರೆ ಅಪರಾಧಿ ಬೇರೆ. ಒಣ ಏಪ್ರಿಕಾಟ್‌ನಲ್ಲಿ ಸಲ್ಫೈಟ್ ಇದಕ್ಕಿಂತ ಎಷ್ಟೋ ಪಟ್ಟು ಇರುತ್ತದೆ, ಅದನ್ನು ತಿಂದು ತಲೆನೋವು ಬಂತು ಅಂತ ಯಾರೂ ಹೇಳಿದ್ದು ಕೇಳಿಲ್ಲ. ಆಸ್ತಮಾ ಇರುವ ಕೆಲವರಿಗೆ ಸಲ್ಫೈಟ್ ನಿಜಕ್ಕೂ ತೊಂದರೆ ಕೊಡುತ್ತದೆ, ಆದರೆ ಆಗ ಉಬ್ಬಸ ಬರುತ್ತದೆ. ಸಿಪ್ಪೆಯಿಂದ ಬರುವ ಕ್ವೆರ್ಸೆಟಿನ್ ಎಂಬ ಅಂಶ ದೇಹದಲ್ಲಿ ಆಲ್ಕೋಹಾಲ್ ಒಡೆಯುವ ಕೆಲಸವನ್ನು ತಡೆಯುತ್ತಿರಬಹುದು ಎಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನವರು 2023ರಲ್ಲಿ ಒಂದು ಸಾಧ್ಯತೆ ಮುಂದಿಟ್ಟಿದ್ದಾರೆ. ಇದು ಪೂರ್ತಿ ಸಾಬೀತಾದ ಮಾತಲ್ಲ. ನನ್ನ ಅನುಭವದಲ್ಲಿ ಹೆಚ್ಚಿನವರ ತಲೆನೋವಿಗೆ ಕಾರಣ ಖಾಲಿ ಹೊಟ್ಟೆ, ನೀರು ಕುಡಿಯದಿರುವುದು, ಎರಡನೇ ಗ್ಲಾಸಿನ ನಂತರದ ಮೂರನೆಯದು. ಒಂದೇ ಗ್ಲಾಸಿಗೂ ಪ್ರತಿ ಸಲ ಬರುತ್ತದೆ ಅಂದರೆ ಕೆಂಪು ಬಿಟ್ಟುಬಿಡಿ, ವೈದ್ಯರಿಗೂ ಒಮ್ಮೆ ತೋರಿಸಿ.

ನಾಲ್ಕು ಜನರಿಗೆ ಎರಡು ಬಾಟಲಿ ಧಾರಾಳ ಆಯಿತು: ಒಂದು ಟ್ರಾಲಿಂಗರ್, ಇನ್ನೊಂದು ಲೆಂಬರ್ಗರ್ ಅಥವಾ ಸ್ಪೇಟ್‌ಬುರ್ಗುಂಡರ್. ಖಾರ ಜಾಸ್ತಿ ಇದ್ದರೆ ಎರಡನೆಯದರ ಬದಲು ಹಾಲ್ಬ್‌ಟ್ರೋಕನ್ ಡಾರ್ನ್‌ಫೆಲ್ಡರ್. ಹತ್ತಿರದ ಬೆಳೆಗಾರರ ಸಹಕಾರ ಸಂಘದ ಮಳಿಗೆಗೆ ಹೋದರೆ ರುಚಿ ನೋಡಿ ಕೊಳ್ಳಬಹುದು. ‘ಖಾರದ ಊಟಕ್ಕೆ, ಓಕ್ ಬೇಡ, ವೀಗನ್ ಇರಲಿ’ ಅಂತ ಮೂರೇ ಮಾತು ಹೇಳಿ. ಅತಿಥಿಗಳು ಕಾರಿನಲ್ಲಿ ಬರುವುದಾದರೆ ಓಡಿಸುವವರಿಗೆ ಒತ್ತಾಯ ಮಾಡಬೇಡಿ. ಇಲ್ಲಿ ರಕ್ತದಲ್ಲಿ ಆಲ್ಕೋಹಾಲ್‌ಗೆ ಸಾವಿರಕ್ಕೆ 0.5 ಮಿತಿ, ಹೊಸದಾಗಿ ಲೈಸೆನ್ಸ್ ಪಡೆದವರಿಗೆ ಸೊನ್ನೆ. ಅವರೂ ಒಂದು ಬಾಟಲಿ ತಂದರೆ ಆಗಲೇ ಬಿಚ್ಚಲೇಬೇಕೆಂದಿಲ್ಲ, ಥ್ಯಾಂಕ್ಸ್ ಹೇಳಿ ಎತ್ತಿಡಬಹುದು. ಉಳಿದ ವೈನ್‌ಗೆ ಬಿರಡೆ ಹಾಕಿ ಫ್ರಿಜ್‌ನಲ್ಲಿಡಿ, ಮೂರು ದಿನದೊಳಗೆ ಮುಗಿಸಿ.